ಸಹಿ ಯಾರ್ ಮಾಡ್ತೀರಿ?

ನಮ್ಮ ಮನೆ ಇರುವುದು ಜಗತ್ ವೃತ್ತದ ಹಿಂದಿನ ಓಣಿಯಲ್ಲಿ. ಕಲಬುರಗಿಯವರಿಗೆ ಜಗತ್ ಅಂದರೆ ಬರೀ ಒಂದು ವೃತ್ತವಲ್ಲ. ಮೆರವಣಿಗೆ ಬಂದು ಸೇರುವುದು ಅಲ್ಲಿ, ಪ್ರತಿಭಟನೆ ನಡೆಯುವುದು ಅಲ್ಲಿ, ಏಪ್ರಿಲ್ 14ರಂದು ಅಂಬೇಡ್ಕರರ ಪ್ರತಿಮೆಗೆ ಹಾರದ ಮೇಲೆ ಹಾರ ಬೀಳುವುದೂ ಅಲ್ಲಿಯೇ. ಮೂವತ್ತು ವರ್ಷಕ್ಕೂ ಮೇಲಾಯಿತು, ನಮ್ಮ ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ನಾನು ಎಷ್ಟೋ ಘೋಷಣೆಗಳನ್ನು ಕೇಳಿದ್ದೇನೆ. ವರದಕ್ಷಿಣೆಯ ವಿರುದ್ಧದ ಘೋಷಣೆಗಳನ್ನೂ ಕೇಳಿದ್ದೇನೆ. ಹಾಗೆ ಕೂಗಿದವರಲ್ಲೇ ಒಬ್ಬಿಬ್ಬರು ಸಂಜೆ ಯಾರದೋ ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಕೂತು ಕೊಡುವ ತೆಗೆದುಕೊಳ್ಳುವ ಮಾತು ಮುಗಿಸಿದ್ದನ್ನೂ ಕಂಡಿದ್ದೇನೆ.

2019ರ ಮೇ ತಿಂಗಳಲ್ಲಿ ಅಂಥದೊಂದು ಮಾತುಕತೆ ನಮ್ಮ ಪಡಸಾಲೆಯಲ್ಲೇ ನಡೆಯಿತು. ಹುಡುಗಿ ನನ್ನ ತಂಗಿಯ ಮಗಳು. ತಂಗಿಯನ್ನು ಕಮಲಾಪುರಕ್ಕೆ ಕೊಟ್ಟಿದೆ. ಹುಮನಾಬಾದ್ ರಸ್ತೆಯಲ್ಲಿ ಹೋದವರು ಕಮಲಾಪುರದ ಕೆಂಪು ಬಾಳೆಯ ಹೆಸರು ಕೇಳಿರುತ್ತೀರಿ. ಭೌಗೋಳಿಕ ಗುರುತು ಸಿಕ್ಕ ಹಣ್ಣು ಅದು. ಕೈಗೆ ಬರಲು ಒಂದೂವರೆ ವರ್ಷದ ಹತ್ತಿರ ಕಾಯಿಸುತ್ತದೆ, ಹೀಗಾಗಿ ಈಗ ಬೆಳೆಯುವವರು ಕಡಿಮೆ. ತಂಗಿಯ ಗಂಡ ಹಟ ಹಿಡಿದು ಬೆಳೆಯುತ್ತಿದ್ದವನು. ಅವನ ತೋಟದ ಒಂದು ಎಕರೆ ದೊಡ್ಡ ರಸ್ತೆಗೆ ಹತ್ತಿಕೊಂಡಿದೆ. ಕಮಲಾಪುರ ತಾಲ್ಲೂಕು ಆದ ಮೇಲೆ ಆ ಎಕರೆಗೆ ಗಿರಾಕಿಗಳು ಬರತೊಡಗಿದ್ದರು. ಮಗಳ ಲಗ್ನಕ್ಕೆ ಅದನ್ನು ಮಾರುವುದೆಂದು ಅವನು ಒಳಗೊಳಗೇ ಗಟ್ಟಿ ಮಾಡಿಕೊಂಡಿದ್ದ.

“ಹುಡುಗನ ಕಡಿಯವ್ರು ಸಿಟಿಯಾಗ ಇರೋರು. ನಿಮ್ಮ ಮನ್ಯಾಗೇ ಆಗ್ಲಿ ಅಕ್ಕ” ಅಂದಳು ತಂಗಿ. ನಾನು ಹೂಂ ಅಂದೆ. ಸುಸಲಾ, ಭಜಿ, ಚಹ ಎಲ್ಲಾ ನನ್ನ ಕೈಯದೇ.

ಬಂದವರು ಒಳ್ಳೆಯ ಜನ. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ. ನಮ್ಮ ಕಥೆಗಳಲ್ಲಿ ವರದಕ್ಷಿಣೆ ಕೇಳುವವರಿಗೆ ಮೀಸೆ ಇರುತ್ತದೆ, ಕಣ್ಣು ಕೆಂಪಗಿರುತ್ತದೆ. ಇವರು ಹಾಗಲ್ಲ. ಹುಡುಗನ ತಾಯಿ ನನ್ನ ಕೈ ಹಿಡಿದುಕೊಂಡು ಮೊಣಕಾಲು ನೋವಿನ ಸುದ್ದಿ ಕೇಳಿದರು. ಹುಡುಗ ಎಂಜಿನಿಯರು, ಸಭ್ಯಸ್ಥ. ಅವನ ಸೋದರಮಾವನೇ ಮಾತು ಶುರು ಮಾಡಿದ್ದು: “ನಮಗೇನ್ ಬ್ಯಾಡ್ರಿ. ದೇವ್ರು ಕೊಟ್ಟಿದ್ದು ಬೇಕಾದಷ್ಟದ. ನಿಮ್ಮ ಮಗಳಿಗಿ ನೀವ್ ಹಾಕೋದು ನೀವ್ ಹಾಕ್ರಿ, ಅದರಾಗ ನಾವ್ಯಾಕ್ ಬಾಯಿ ಹಾಕ್ಬೇಕ್ರಿ?” ಚಹ ಕಾಯಿಸುವಷ್ಟರಲ್ಲಿ ಆ ‘ಏನೂ ಬ್ಯಾಡ’ ಎನ್ನುವುದು 15 ತೊಲ ಬಂಗಾರ, 8 ಲಕ್ಷ ನಗದು, ಒಂದು ಕಾರು ಆಗಿತ್ತು. ಕಾರೂ ಅವರಿಗಲ್ಲವಂತೆ. “ನಿಮ್ಮ ಮಗಳೇ ಅಡ್ಡಾಡ್ತಾಳ.” ಲಗ್ನ ಎರಡೂ ಕಡೆಯದು ನಾವೇ ಮಾಡಿಕೊಡಬೇಕು ಎಂಬುದನ್ನು ಯಾರೂ ಹೇಳಲಿಲ್ಲ. ಅದು ಹೇಳುವ ಮಾತೇ ಅಲ್ಲ ಎನ್ನುವಂತೆ ಇತ್ತು. ನಡುವಿನ ಹಿರಿಯರೊಬ್ಬರು ನಮ್ಮ ಟೀವಿಯ ಮೇಲೆ ಬಿದ್ದಿದ್ದ ಹಳೆಯ ಲಗ್ನಪತ್ರಿಕೆಯ ಹಿಂಬದಿಗೆ ಎಲ್ಲವನ್ನೂ ಚೆಂದಗೆ ಬರೆದರು. ತಂಗಿಯ ಗಂಡ ತಲೆ ಬಗ್ಗಿಸಿ “ಆಯ್ತರಿ” ಅಂದ.

ನಾನು ಅಡುಗೆಮನೆಯ ಬಾಗಿಲಿಗೆ ಆತು ನಿಂತು ಕೇಳುತ್ತಿದ್ದೆ.

ಹುಡುಗಿ ಚಹದ ತಾಟು ಹಿಡಿದು ಹೊರಗೆ ಹೋದಳು. ಎಲ್ಲರಿಗೂ ಕೊಟ್ಟು, ತಾಟು ಕೆಳಗಿಟ್ಟು, ಹಿರಿಯರ ಕೈಯಲ್ಲಿದ್ದ ಪತ್ರಿಕೆಗೆ ಕೈ ಚಾಚಿದಳು. “ಒಂದೀಟ್ ಕೊಡ್ರಿ ಮಾಮಾ.” ಅವರು ತಿಳಿಯದೆ ಕೊಟ್ಟೇಬಿಟ್ಟರು. ಕ್ಲಾಸಿನಲ್ಲಿ ಹಾಜರಿ ಕೂಗುವ ಹಾಗೆ ಒಂದೊಂದನ್ನೇ ಗಟ್ಟಿಯಾಗಿ ಓದಿದಳು. ಆಗ ತೊಲ ಬಂಗಾರಕ್ಕೆ 32 ಸಾವಿರದ ಆಸುಪಾಸು. “ಬಂಗಾರ 4 ಲಕ್ಷ 80 ಸಾವಿರ. ನಗದು 8 ಲಕ್ಷ. ಕಾರಿಗಿ 7 ಹಿಡೀಲ್ರಿ? ಒಟ್ಟು 19 ಲಕ್ಷ 80 ಸಾವಿರ. ನಂದು ಪಗಾರ ತಿಂಗಳಿಗಿ 12 ಸಾವಿರ. ಒಂದ್ ಪೈಸಾ ಮುಟ್ಟದೆ ಇಟ್ರ 13 ವರ್ಷ 9 ತಿಂಗಳು ಬೇಕಾಗ್ತದ.” ಗಣಿತದ ಎಂ.ಎಸ್ಸಿ. ಅವಳು. ಖಾಸಗಿ ಪಿಯು ಕಾಲೇಜಿನಲ್ಲಿ ಪಾಠ ಹೇಳುತ್ತ ರಾತ್ರಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ‘ಹುಡುಗಿ ಚುರುಕದಾಳ’ ಎಂದು ನಗುತ್ತಿದ್ದರೇನೋ. ಅವಳು ನಿಲ್ಲಿಸಲಿಲ್ಲ. “ಲಗ್ನದಾಗ ಕೊಟ್ಟಿದ್ದಕ್ಕ ಪಟ್ಟಿ ಬರೀಬೇಕಂತ ಕಾಯ್ದೆ ಅದರಿ, 1985ರ ನಿಯಮ. ಯಾರ್ ಕೊಟ್ರು, ಏನ್ ಕೊಟ್ರು, ಬೆಲೆ ಎಷ್ಟು, ಎಲ್ಲಾ ಬರ್ದು ಹುಡುಗ ಹುಡುಗಿ ಇಬ್ರೂ ಸಹಿ ಮಾಡ್ಬೇಕು. ಆದ್ರ ಕೇಳದೆ ಕೊಟ್ಟಿದ್ದಕ್ಕಷ್ಟೇ ಆ ಪಟ್ಟಿ. ಇದರಾಗ ಕೇಳಿದ್ದು ಯಾವ್ದು, ಕೇಳದೆ ಕೊಡೋದು ಯಾವ್ದು, ಬ್ಯಾರೆ ಬ್ಯಾರೆ ಬರ್ಕೊಡ್ರಿ. ನಾ ಸಹಿ ಮಾಡ್ತೀನಿ. ನಿಮ್ಮ ಕಡಿಯಿಂದ ಸಹಿ ಯಾರ್ ಮಾಡ್ತೀರಿ?”

ಯಾರೂ ಮಾತಾಡಲಿಲ್ಲ. ಹುಡುಗ ಮೊಬೈಲ್ ನೋಡುತ್ತಿದ್ದ. ಅವನೂ ಓದಿದವನೇ. ಬೇರೆಯವರ ಮನೆಯಲ್ಲಿ ಚಹ ಅರ್ಧ ಬಿಟ್ಟು ಏಳಬಾರದೆಂಬ ಪದ್ಧತಿ ನಮ್ಮಲ್ಲುಂಟು. ಅಂದು ಏಳು ಕಪ್ಪು ಚಹ ನಾನು ಮೋರಿಗೆ ಚೆಲ್ಲಿದೆ.

ಈಗ ನನ್ನ ಮಾತಿಗೆ ಬರುತ್ತೇನೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು. ವರದಕ್ಷಿಣೆ ಎಂಬುದು ಐದು ಅಂಕದ ಪ್ರಶ್ನೆ. ‘ವರದಕ್ಷಿಣೆ ಪಿಡುಗನ್ನು ತಡೆಗಟ್ಟುವ ಕ್ರಮಗಳಾವುವು?’ ಮೊದಲನೆಯ ಉತ್ತರ, ಸ್ತ್ರೀ ಶಿಕ್ಷಣ. ಆ ಉತ್ತರಕ್ಕೆ ಕೆಂಪು ಶಾಯಿಯಲ್ಲಿ ಎಷ್ಟು ಸಾವಿರ ಸಲ ಸರಿ ಗುರುತು ಹಾಕಿದ್ದೇನೋ ಲೆಕ್ಕವಿಲ್ಲ. ಆದರೆ ನನ್ನನ್ನೇ ನೋಡಿ. 1983ರಲ್ಲಿ ನಾನು ಬಿ.ಎ. ಮುಗಿಸಿದೆ. 1985ರಲ್ಲಿ ಲಗ್ನವಾಯಿತು. 11 ತೊಲ ಬಂಗಾರ, 25 ಸಾವಿರ ರೊಕ್ಕ. ಸ್ಕೂಟರು ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ ಅದು, ಹಾಗಾಗಿ ಸ್ಕೂಟರಿನ ಹಣವೂ ಅದರೊಳಗೇ ಸೇರಿತ್ತು. ಅಪ್ಪ ಎರಡು ಎಕರೆ ಎರೆ ಹೊಲ ಒತ್ತಿ ಇಟ್ಟ. ಅದು ತಿರುಗಿ ಬರಲಿಲ್ಲ. ನನ್ನ ಗಂಡ ಕೆಟ್ಟವರಲ್ಲ, “ನಾನೇನು ಕೇಳಿದ್ದೆನೇ?” ಅನ್ನುತ್ತಾರೆ. ಕೇಳಲಿಲ್ಲ, ಖರೆ. ಬೇಡ ಅನ್ನಲೂ ಇಲ್ಲ. ನಾನೂ ಅನ್ನಲಿಲ್ಲ. ನನ್ನ ಪದವಿಯ ಪ್ರಮಾಣಪತ್ರ ಆಗ ಟ್ರಂಕಿನಲ್ಲಿ ಮದುವೆಯ ಸೀರೆಗಳ ಕೆಳಗಿತ್ತು. ‘ಹುಡುಗಿ ಬಿ.ಎ. ಆಗ್ಯಾಳ’ ಎಂದು ಅಪ್ಪ ಹೇಳುತ್ತಿದ್ದ ರೀತಿಯೂ ‘ಬಂಗಾರ 11 ತೊಲ’ ಎನ್ನುತ್ತಿದ್ದ ರೀತಿಯೂ ಒಂದೇ ಆಗಿತ್ತು.

ಅದಕ್ಕೇ ಹೇಳುವುದು, ಓದಿಸಿದರೆ ವರದಕ್ಷಿಣೆ ತಾನಾಗಿ ಹೋಗುತ್ತದೆ ಎಂಬ ಮಾತನ್ನು ನಾನೀಗ ನಂಬುವುದಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಎಷ್ಟೋ ಜಾತಿಗಳಲ್ಲಿ ಗಂಡಿನವರೇ ಹೆಣ್ಣಿನ ಮನೆಗೆ ‘ತೆರ’ ಕೊಡುತ್ತಿದ್ದರು. ಹೊಲದಲ್ಲಿ ದುಡಿಯುವ ಎರಡು ಕೈ ಹೋಗುತ್ತದಲ್ಲ, ಅದಕ್ಕೆ. ಅದು ಬಹಳ ನ್ಯಾಯದ ಪದ್ಧತಿ ಎಂದು ನಾನು ಹೇಳುತ್ತಿಲ್ಲ. ಆದರೆ ಗಂಡುಮಕ್ಕಳು ಶಾಲೆ ಕಲಿತು, ಕಚೇರಿ ಸೇರಿ, ತಿಂಗಳ ಪಗಾರ ತರತೊಡಗಿದ ಮೇಲೆ ತಕ್ಕಡಿ ತಿರುಗಿತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಅವರು 1984ರಲ್ಲಿ ಪ್ರಕಟವಾದ ತಮ್ಮ ಉಪನ್ಯಾಸದಲ್ಲಿ ಇದನ್ನೇ ಹೇಳಿದ್ದರು. ಇವತ್ತು ನಾವು ನೋಡುವ ವರದಕ್ಷಿಣೆ ಪುರಾತನ ಸಂಪ್ರದಾಯವಲ್ಲ, ಓದು ಮತ್ತು ನೌಕರಿಯ ಜೊತೆಗೆ ಬೆಳೆದ ಹೊಸ ಬೆಳೆ. ಅಂದರೆ ಓದಿನಿಂದ ಗಂಡಿನ ಬೆಲೆ ಏರಿತು. ಹೆಣ್ಣು ಓದಿದಳು, ಅವಳಿಗಿಂತ ಹೆಚ್ಚು ಓದಿದ ಗಂಡು ಬೇಕಾಯಿತು, ಅವನ ಬೆಲೆ ಇನ್ನೂ ಏರಿತು. ‘ಹೆಚ್ಚು ಓದ್ಸಿದ್ರ ಹೆಚ್ಚು ಕೊಡ್ಬೇಕು’ ಎಂದು ನಮ್ಮ ಹಳ್ಳಿಯ ಹೆಂಗಸರು ಅಂದಾಗ ಪೇಟೆಯವರು ಅವರನ್ನು ಮೂಢರು ಎನ್ನುತ್ತಾರೆ. ಆ ಹೆಂಗಸರ ಲೆಕ್ಕ ತಪ್ಪಿಲ್ಲ.

2011ರ ಜನಗಣತಿಯ ಪ್ರಕಾರ ನಮ್ಮ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಹೆಣ್ಣುಮಕ್ಕಳು ನೂರಕ್ಕೆ 55. ಇಡೀ ಕರ್ನಾಟಕದಲ್ಲಿ 68. ನಾವು ಹಿಂದುಳಿದವರು, ಅದಕ್ಕೇ ಈ ಗತಿ ಎಂದು ಯಾರಾದರೂ ಅಂದರೆ ಕೇರಳದ ಕಡೆ ಬೊಟ್ಟು ಮಾಡಿ ತೋರಿಸುತ್ತೇನೆ. ಓದಿನಲ್ಲಿ ದೇಶಕ್ಕೇ ಮುಂದಿರುವ ಆ ರಾಜ್ಯದ ಕೊಲ್ಲಂ ಜಿಲ್ಲೆಯಲ್ಲಿ 2021ರ ಜೂನ್ ತಿಂಗಳಲ್ಲಿ ಆಯುರ್ವೇದ ವೈದ್ಯಕೀಯ ಓದುತ್ತಿದ್ದ ಒಬ್ಬ ಹುಡುಗಿ ಗಂಡನ ಮನೆಯಲ್ಲಿ ಸತ್ತಳು. ಗಂಡ ಸರ್ಕಾರಿ ನೌಕರ. ಬಂಗಾರ, ಜಮೀನು, ಕಾರು ಎಲ್ಲಾ ಕೊಟ್ಟಾಗಿತ್ತು. ಜಗಳ ಹತ್ತಿದ್ದು ಆ ಕಾರು ಸಾಲದೆಂದು. ಮರುವರ್ಷ ಮೇ ತಿಂಗಳಲ್ಲಿ ನ್ಯಾಯಾಲಯ ಅವನಿಗೆ 10 ವರ್ಷ ಶಿಕ್ಷೆ ವಿಧಿಸಿತು. ಆ ಹುಡುಗಿಗೆ ಓದು ಇತ್ತು, ಫೋನೂ ಇತ್ತು. ಇಲ್ಲಿ ಇರಲಾರೆನೆಂದು ಅಪ್ಪನಿಗೆ ಅತ್ತು ಹೇಳಿದ್ದಳು. ಆ ಧ್ವನಿ ಟೀವಿಯಲ್ಲಿ ಬಂದ ದಿನ ನಾನು ಊಟ ಮಾಡಲಿಲ್ಲ. ಅವಳ ಅಪ್ಪನನ್ನು ಬೈಯುವ ಯೋಗ್ಯತೆ ನಮಗ್ಯಾರಿಗೂ ಇಲ್ಲ. ‘ಇವತ್ತಲ್ಲ ನಾಳೆ ಸರಿ ಹೋಗ್ತದವ್ವ, ಹೊಂದ್ಕೊಂಡು ಹೋಗು’ ಎಂದು ನಾವೆಲ್ಲ ಒಂದಲ್ಲ ಒಂದು ಸಲ ಯಾವಳಿಗೋ ಹೇಳಿದವರೇ.

ಹಾಗಾದರೆ ನನ್ನ ತಂಗಿಯ ಮಗಳಿಗೆ ಆ ಧೈರ್ಯ ಎಲ್ಲಿಂದ ಬಂತು? ನಾನು ಅವಳನ್ನೇ ಕೇಳಿದೆ. “ದೊಡ್ಡವ್ವ, ನಾ ಆ ಕಾಯ್ದೆ ಪರೀಕ್ಷೆಗಂತ ಬಾಯಿಪಾಠ ಮಾಡಿದ್ದೆ. ಮಾಡ್ತಾ ಮಾಡ್ತಾ ಇದು ನನ್ನ ಮ್ಯಾಲೇ ಬರ್ದಾರಲ್ಲ ಅನಿಸ್ತು” ಅಂದಳು. ಅಷ್ಟೇ. ನಾನೂ ಅದೇ ಕಾಯ್ದೆಯನ್ನು ಓದಿದ್ದೆ, ಓದಿಸಿದ್ದೆ, ಪರೀಕ್ಷೆಗೆ ಕೇಳಿದ್ದೆ. ನನ್ನ ಮೇಲೆ ಬರೆದದ್ದು ಅಂತ ಒಂದು ದಿನವೂ ಅನಿಸಿರಲಿಲ್ಲ.

ಆ ಕಾಯ್ದೆ 1961ರದು. ಅದನ್ನು ಮಾಡಲು ಸಂಸತ್ತಿನ ಎರಡೂ ಸದನಗಳು ಒಟ್ಟಿಗೆ ಕೂಡಬೇಕಾಯಿತು. ನಮ್ಮ ದೇಶದಲ್ಲಿ ಹಾಗೆ ಕೂಡಿದ್ದು ಅದೇ ಮೊದಲು. ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. 1986ರ ತಿದ್ದುಪಡಿಯ ಮೇಲೆ ಕನಿಷ್ಠ 5 ವರ್ಷ ಸೆರೆವಾಸ. ಬರೀ ಬಾಯಿಂದ ಕೇಳಿದರೂ 6 ತಿಂಗಳಿಂದ 2 ವರ್ಷ. ಇದು ಸುಮಾರಾಗಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಆರನೆಯ ಕಲಮು: ಯಾರ ಕೈಗೇ ಕೊಟ್ಟಿರಲಿ, ವರದಕ್ಷಿಣೆಯಾಗಿ ಬಂದದ್ದನ್ನು 3 ತಿಂಗಳೊಳಗೆ ಹೆಣ್ಣಿನ ಹೆಸರಿಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಅದು ಅವಳ ಸ್ವತ್ತು ಎಂದು ಕಾಯ್ದುಕೊಂಡಿರಬೇಕು. ನಮ್ಮ ಓಣಿಯ ಮುಂದೆ ಪ್ರತಿಮೆಯಾಗಿ ನಿಂತಿರುವ ಅಂಬೇಡ್ಕರರು ಹಿಂದೂ ಸಂಹಿತೆಯ ಮಸೂದೆಯಲ್ಲಿ ಇಂಥದ್ದನ್ನೇ ತರಲು ಹೊರಟಿದ್ದರು. ಆ ಮಸೂದೆ ಮುಂದೆ ಸಾಗದೆ ಹೋದದ್ದೇ 1951ರಲ್ಲಿ ಅವರು ಮಂತ್ರಿಪದವಿ ಬಿಡಲು ದೊಡ್ಡ ಕಾರಣವಾಯಿತು. ನನ್ನ 11 ತೊಲದಲ್ಲಿ 6 ತೊಲ ನಾದಿನಿಯ ಲಗ್ನಕ್ಕೆ ಹೋಯಿತು. ನನ್ನನ್ನು ಯಾರೂ ಕೇಳಲಿಲ್ಲ. ನಾನೇ ಬಿಚ್ಚಿ ಕೊಟ್ಟೆ. ಮರುದಿನ ಶಾಲೆಗೆ ಹೋಗಿ ಮೂಲಭೂತ ಹಕ್ಕುಗಳ ಪಾಠ ಮಾಡಿದೆ.

ಹಿರಿಯರ ಮುಂದೆ ಹೆಣ್ಣುಮಗಳು ಹಾಗೆ ಮಾತಾಡಬಾರದಿತ್ತು, ಅದು ನಮ್ಮ ಸಂಸ್ಕೃತಿಯಲ್ಲ ಎಂದು ಓಣಿಯಲ್ಲಿ ಅಂದರು. ಯಾವ ಸಂಸ್ಕೃತಿ? ಆಯ್ದಕ್ಕಿ ಲಕ್ಕಮ್ಮ ನಮ್ಮ ಪಕ್ಕದ ರಾಯಚೂರು ಸೀಮೆಯವಳು. ಗಂಡ ಮಾರಯ್ಯ ದಿನದ ಅಳತೆಗಿಂತ ಹೆಚ್ಚು ಅಕ್ಕಿ ಆಯ್ದು ತಂದ ದಿನ, ಇಷ್ಟು ನಮಗೆ ಬೇಡ, ಹೋಗಿ ಅಲ್ಲೇ ಸುರಿದು ಬಾ ಎಂದು ಕಳಿಸಿದವಳು ಎನ್ನುತ್ತದೆ ಶರಣರ ಕಥೆ. ಬಸವ ಜಯಂತಿಯ ಭಾಷಣದಲ್ಲಿ ಅವಳು ಬೇಕು. ಪಡಸಾಲೆಯಲ್ಲಿ ಬೇಡ.

ಮುಂದೆ ಏನಾಯಿತು ಎಂದು ನೀವು ಕೇಳುತ್ತೀರಿ. ಇಂಥ ಬರಹಗಳ ಕೊನೆಗೆ ಒಬ್ಬ ಆದರ್ಶ ಹುಡುಗ ಬಂದು, ಒಂದು ಸೀರೆಯ ಮೇಲೆ ಕರೆದುಕೊಂಡು ಹೋಗುತ್ತಾನೆ. ಹಾಗೇನೂ ಆಗಲಿಲ್ಲ. ಸುದ್ದಿ ಕಮಲಾಪುರಕ್ಕೆ ಬಸ್ಸಿಗಿಂತ ಮೊದಲು ಮುಟ್ಟಿತು. ‘ಓದ್ಸಿ ಓದ್ಸಿ ಕೆಡಿಸ್ಯಾರ’ ಅಂದರು. ತಂಗಿ ಮೂರು ತಿಂಗಳು ಮಗಳ ಜೊತೆ ಮಾತು ಬಿಟ್ಟಳು. ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ. ಬರುತ್ತಿದ್ದ ಸಂಬಂಧಗಳು ನಿಂತವು. ಮರುವರ್ಷ ಕೊರೊನಾ ಬಂದು ಅವಳ ಪಗಾರ ಅರ್ಧವಾಯಿತು. ಈಗಲೂ ಅವಳಿಗೆ ಲಗ್ನವಾಗಿಲ್ಲ, ಸರ್ಕಾರಿ ನೌಕರಿಯೂ ಆಗಿಲ್ಲ. ಬೆಳಿಗ್ಗೆ ಬಸ್ಸು ಹತ್ತಿ ಕಲಬುರಗಿಗೆ ಬರುತ್ತಾಳೆ. 2023ರ ಜೂನ್ ತಿಂಗಳಿಂದ ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಆ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯರದೇ ಗದ್ದಲವಂತೆ. ಅವರಲ್ಲಿ ಕೆಲವರು ಇವಳನ್ನು “ಅಕ್ಕಾ, ಸಹಿ ಅಕ್ಕಾ” ಅನ್ನುತ್ತಾರಂತೆ. ಇವಳಿಗೆ ಸಿಟ್ಟು ಬರುತ್ತದೆ.

ಆದರೆ ಒಂದು ಮಾತು. ವರ್ಷ ಎರಡು ವರ್ಷ ಕಳೆದ ಮೇಲೆ ಮನೆಯಲ್ಲಿ ಅವಳನ್ನು ಹೊಗಳತೊಡಗಿದರು. ರಸ್ತೆಯ ಪಕ್ಕದ ಆ ಎಕರೆಗೆ ಬೆಲೆ ಇನ್ನೂ ಏರಿತ್ತು ನೋಡಿ. “ನಮ್ಮ ಹುಡುಗಿ ಶಾಣ್ಯಾ ಇದ್ದಳು ಅಂತ ಹೊಲ ಉಳೀತು” ಎಂದು ಅವಳ ಅಣ್ಣನೇ ನಾಲ್ಕು ಜನರ ಮುಂದೆ ಹೇಳಿದ. ಓದಿಗೆ ಅಂದು ಬಂದ ಮರ್ಯಾದೆ ಕಂಡು ನನಗೂ ಸಂತೋಷವಾಯಿತು, ಸುಳ್ಳೇಕೆ ಹೇಳಲಿ.

2023ರ ಕೊನೆಗೆ ತಂಗಿಯ ಗಂಡ ತೀರಿಕೊಂಡ. ಕಾರ್ಯವೆಲ್ಲ ಮುಗಿದ ಮೇಲೆ ಅಣ್ಣ ಒಂದು ಕಾಗದ ತಂದ. ಹಕ್ಕು ಬಿಡುಗಡೆ ಪತ್ರ. ಅಪ್ಪನ ಆಸ್ತಿಯಲ್ಲಿ ನನಗೆ ಏನೂ ಬೇಡ, ಸ್ವಖುಷಿಯಿಂದ ಬಿಟ್ಟಿದ್ದೇನೆ ಎಂದು ತಂಗಿಯರು ಅಣ್ಣತಮ್ಮಂದಿರಿಗೆ ಬರೆದುಕೊಡುವ ಕಾಗದ. ನಮ್ಮ ಕಡೆ ಇದಕ್ಕೆ ಯಾರೂ ಹೆಚ್ಚು ಯೋಚನೆ ಮಾಡುವುದಿಲ್ಲ. ‘ಲಗ್ನದಾಗ ಕೊಟ್ಟಿಲ್ಲೇನು? ಅದೇ ಪಾಲು’ ಅನ್ನುತ್ತಾರೆ. 1991ರಲ್ಲಿ ನಮ್ಮಪ್ಪ ಸತ್ತಾಗ ನಾನೂ ಸಹಿ ಮಾಡಿದ್ದೆ. ಓದಿ ನೋಡಲಿಲ್ಲ. ತಮ್ಮ ಬೆರಳಿಟ್ಟು ತೋರಿಸಿದ ಜಾಗಗಳಲ್ಲಿ ಹೆಸರು ಬರೆಯುತ್ತ ಹೋದೆ, ಕೊನೆಗೆ ಒಂದು ಸೀರೆ ಉಡಿಸಿದ.

ಕಾಲ ಬದಲಾಗಿದೆ, ಕನಿಷ್ಠ ಕಾಗದದ ಮೇಲೆ. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶಕ್ಕೆ 2005ರಲ್ಲಿ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಬಂತು. ಅಪ್ಪ ಇದ್ದನೋ ಇಲ್ಲವೋ ಎಂಬ ಗೊಂದಲವನ್ನೂ 2020ರಲ್ಲಿ ಸುಪ್ರೀಂ ಕೋರ್ಟು ತೆಗೆದುಹಾಕಿತು. ಹುಡುಗಿ ಕಾಗದವನ್ನು ಪೂರ್ತಿ ಓದಿದಳು. ‘ಸ್ವಖುಷಿಯಿಂದ’ ಎಂಬ ಶಬ್ದದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದಳು. ಸಹಿ ಮಾಡಲಿಲ್ಲ. “ಅಣ್ಣಾ, ನನಗ ಎಲ್ಲಾ ಬ್ಯಾಡ. ರಸ್ತಿ ಹತ್ತಿರದ್ದು ಒಂದ್ ಎಕ್ರೆ ನನ್ನ ಹೆಸರಿಗಿ ಮಾಡು. ಬಾಳಿ ನಾನೇ ಹಚ್ತೀನಿ” ಅಂದಳು.

ಮನೆಯಲ್ಲಿ ಏನಾಯಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಲ ಉಳಿಸಿದ ಶಾಣ್ಯಾ ಹುಡುಗಿ ಒಂದೇ ದಿನದಲ್ಲಿ ಹೊಲ ಕೇಳುವ ಆಸೆಬುರುಕಿಯಾದಳು. ಅದೇ ಎಕರೆ, ಅಕ್ಕತಂಗಿಯರೇ. 2019ರಲ್ಲಿ ಅದನ್ನು ಮಾರಿ ಗುರುತಿಲ್ಲದ ಮನೆಯವರಿಗೆ ಕಾರು ಕೊಡಿಸಲು ಎಲ್ಲರೂ ಒಪ್ಪಿದ್ದರು. ಆಗ ಅದು ಅಪ್ಪನ ಪ್ರೀತಿ, ಮನೆತನದ ಮರ್ಯಾದೆ. ಈಗ ಅದೇ ಮಗಳು ಅದೇ ಮಣ್ಣನ್ನು ತನ್ನ ಹೆಸರಿಗೆ ಕೇಳಿದರೆ ಮನೆ ಒಡೆಯುವ ಮಾತು. ಮನೆಯಲ್ಲಿ ಇಟ್ಟರೆ ಯಾರಾದರೂ ಕೈ ಹಿಡಿದು ಬರೆಸಿಕೊಂಡಾರು ಎಂದು ಅವಳು ಆ ಕಾಗದವನ್ನು ನನ್ನ ಹತ್ತಿರ ತಂದಿಟ್ಟಿದ್ದಾಳೆ. ನನ್ನ ಕಪಾಟಿನಲ್ಲಿದೆ. ಮೇಲೆ ಆ ಹಳೆಯ ಲಗ್ನಪತ್ರಿಕೆಯೂ ಇದೆ. ಅದನ್ನು ನಾನು ಅಂದೇ ಎತ್ತಿಟ್ಟುಕೊಂಡಿದ್ದೆ.

ಮೊನ್ನೆ ತಂಗಿ ಫೋನ್ ಮಾಡಿದಳು. ಅತ್ತಳು. ವಯಸ್ಸಾಯಿತು, ಮಗ ಸೊಸೆಯ ಕೈಯಾಗಿನ ಅನ್ನ ತಿನ್ನೋದದ, ನನ್ನ ಕಷ್ಟ ನಿನಗ ತಿಳೀವಲ್ದಾ ಅಂದಳು. ತಿಳಿಯುತ್ತದೆ. ಅವಳದ್ದು ಸುಳ್ಳು ಕಷ್ಟವಲ್ಲ. “ಅಕಿ ನಿನ್ನ ಮಾತು ಕೇಳ್ತಾಳ. ಸಹಿ ಮಾಡಂತ ನೀ ಒಂದ್ ಮಾತ್ ಹೇಳಕ್ಕ.”

ಅಡುಗೆಮನೆಯ ಅದೇ ಬಾಗಿಲಿಗೆ ಆತು ನಿಂತಿದ್ದೆ. “ನಾ ಹೇಳಂಗಿಲ್ಲ” ಅಂದೆ.

ಅವಳು ಫೋನ್ ಇಟ್ಟಳು. ಇವತ್ತಿಗೆ ಹನ್ನೊಂದು ದಿನ. ಮತ್ತೆ ಮಾಡಿಲ್ಲ.